ಹೆಂಚಿನಡಿ ಶೀಟು ಹಾಕುವುದು ಹೇಗೆ: ಹೆಂಚು ಇಳಿಸುವುದರಿಂದ ಮತ್ತೆ ಹೊದಿಸುವವರೆಗೆ

ಪ್ರತಿ ವರ್ಷ ಆರಿದ್ರೆ ಮಳೆ ಹಿಡಿದ ನಾಲ್ಕನೇ ದಿನಕ್ಕೆ ನನ್ನ ಫೋನಿಗೆ ಫೋಟೋಗಳು ಬರಲು ಶುರುವಾಗುತ್ತವೆ. ಗೋಡೆ ಮೇಲೆ ಕಂದು ಗೆರೆ, ಮಂಚದ ಪಕ್ಕ ಬಕೆಟ್ಟು, ಕೆಳಗೊಂದು ಸಾಲು: "ಹೆಂಚಿನಡಿ ಶೀಟು ಹಾಕಿಸಿದ್ದೀವಿ, ಆದರೂ ಸೋರುತ್ತೆ." ಇನ್ನೆರಡು ಫೋಟೋ ತರಿಸಿ ನೋಡಿದರೆ ತಪ್ಪು ಹೆಚ್ಚುಕಡಿಮೆ ಒಂದೇ. ಶೀಟು ಒಳ್ಳೆಯದೇ ಇರುತ್ತದೆ, ಹೆಂಚೂ ಗಟ್ಟಿ. ಶೀಟಿನ ಮೇಲೆ ಬಿದ್ದ ನೀರಿಗೆ ಹೊರಗೆ ಹೋಗಲು ಮಾತ್ರ ದಾರಿ ಇರುವುದಿಲ್ಲ.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಮರದ ಅಥವಾ ಕಬ್ಬಿಣದ ಚೌಕಟ್ಟಿನ ಮೇಲೆ ಮಂಗಳೂರು ಹೆಂಚು ಹೊದಿಸಿದ ಮಾಡಿಗೆ, ಅಂದರೆ ಇಳಿಜಾರು ಛಾವಣಿಗೆ, ಇದನ್ನು ಬರೆದಿದ್ದೇನೆ. ಟಾರಸಿ ಮೇಲೆ ಚೆಂದಕ್ಕೆ ಹೆಂಚು ಕೂರಿಸಿದವರ ಲೆಕ್ಕ ಬೇರೆ.

## ಶೀಟಿನ ಕೆಲಸ ಏನು?

ಹೆಂಚು ನೀರನ್ನು ತಡೆಯುವುದಿಲ್ಲ, ಕೆಳಗಿನ ಹೆಂಚಿಗೆ ದಾಟಿಸುತ್ತದೆ ಅಷ್ಟೆ. ಮಳೆ ನೆಟ್ಟಗೆ ಬಿದ್ದರೆ ತೊಂದರೆ ಇಲ್ಲ. ಗಾಳಿಮಳೆ ಬಂದಾಗ ನೀರು ಎರಡು ಹೆಂಚಿನ ಸಂದಿಯಲ್ಲಿ ಮೇಲಕ್ಕೆ ಏರಿ ಒಳಗೆ ಎರಚುತ್ತದೆ. ಜೊತೆಗೆ ಮಣ್ಣಿನ ಹೆಂಚು ನೀರು ಹೀರುತ್ತದೆ. ಮೇಲ್ದರ್ಜೆಯ ಹೆಂಚು ಕೂಡ ತನ್ನ ತೂಕದ ಶೇ. 18ರವರೆಗೆ ನೀರು ಹೀರಬಹುದು ಎಂದು ಭಾರತೀಯ ಮಾನಕ ಐಎಸ್ 654 ಒಪ್ಪುತ್ತದೆ. ಅಂದರೆ ಎರಡೂವರೆ ಕಿಲೋ ಹೆಂಚಿನಲ್ಲಿ ಸುಮಾರು 450 ಗ್ರಾಂ ನೀರು. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಲ್ಲಿ ಹೆಂಚು ತಿಂಗಳುಗಟ್ಟಲೆ ಒಣಗುವುದೇ ಇಲ್ಲ. ಮಂಗಗಳು ಸರಿಸಿದ ಹೆಂಚು, ತೆಂಗಿನಕಾಯಿ ಬಿದ್ದು ಒಡೆದ ಹೆಂಚಿನ ಕತೆ ಇನ್ನೊಂದು.

ಹೀಗೆ ಒಳಗೆ ಬಂದ ನೀರನ್ನು ಶೀಟು ಹಿಡಿದು ಸೂರಿನವರೆಗೆ ಹರಿಸಿ ಆಚೆ ಬಿಡಬೇಕು. ಹೆಂಚಿನ ಕೆಳಗೆ ಅದೂ ಒಂದು ಮಾಡು ಅಂತಲೇ ತಿಳಿದುಕೊಳ್ಳಿ. ನೀರು ನಿಲ್ಲುವ ಮಾಡನ್ನು ಯಾರೂ ಕಟ್ಟುವುದಿಲ್ಲ, ಅಲ್ವಾ?

ಮೇಲಿನ ಹೆಂಚಿನಡಿ ಕೂರಿಸುವ ಸೀಲಿಂಗ್ ಹೆಂಚು ಇದ್ದರೆ ಶೀಟು ಬೇಡ ಅಂತ ಕೆಲವರು ಹೇಳುತ್ತಾರೆ. ಸೀಲಿಂಗ್ ಹೆಂಚು ಬಿಸಿಲಿಗೆ ಒಳ್ಳೆಯದು, ನೋಡಲೂ ಚೆಂದ. ಆದರೆ ಅದರ ಸಂದಿಗಳಲ್ಲಿ ನೀರು ಇಳಿದೇ ಇಳಿಯುತ್ತದೆ.

## ಯಾವ ಶೀಟು, ಎಷ್ಟು?

ಟಾರ್ಪಾಲು ಬೇಡ. ಮೊದಲ ಮಳೆಗಾಲ ಚೆನ್ನಾಗಿಯೇ ಕಳೆಯುತ್ತದೆ, ಆಮೇಲೆ ಮಡಿಕೆಗಳಲ್ಲಿ ಬಿರುಕು ಬಿಡುತ್ತದೆ. ಅದು ಉಸಿರಾಡುವುದೂ ಇಲ್ಲ. ಅಡುಗೆಮನೆಯ ಆವಿ ಕೆಳಮೈಗೆ ತಾಗಿ ಹನಿಗಟ್ಟಿ ಪಕಾಸಿನ (ಮಾಡಿನ ತುದಿಯಿಂದ ಸೂರಿಗೆ ಇಳಿಯುವ ಉದ್ದ ಮರ) ಮೇಲೆ ಬೀಳುತ್ತದೆ. ಮನೆಯವರು ಅದನ್ನೂ ಸೋರಿಕೆ ಅಂದುಕೊಂಡು ಹೆಂಚಿನವರನ್ನು ಬೈಯುತ್ತಾರೆ.

ಡಾಂಬರಿನ ಫೆಲ್ಟ್ ಮತ್ತು ಅಂಟಿಸುವ ಡಾಂಬರು ಶೀಟು ಗಟ್ಟಿ. ಆದರೆ ಕೆಳಗೆ ಪೂರ್ತಿ ಹಲಗೆಯೋ ಪ್ಲೈವುಡ್ಡೋ ಬೇಕು. ಬೆಳ್ಳಿ ಬಣ್ಣದ ಗುಳ್ಳೆ ಶೀಟು ಬಿಸಿಲು ತಡೆಯಲು ಮಾಡಿದ್ದು, ನೀರಿಗೆ ಅದನ್ನೇ ನಂಬಬೇಡಿ.

ನಮ್ಮ ಕೆಲಸಕ್ಕೆ ಸರಿಯಾದದ್ದು ಬ್ರೀದರ್ ಶೀಟು. ಮೂರು ಪದರದ್ದು. ನೀರನ್ನು ಒಳಗೆ ಬಿಡುವುದಿಲ್ಲ, ಒಳಗಿನ ಆವಿಯನ್ನು ಹೊರಗೆ ಬಿಡುತ್ತದೆ. ಚದರ ಮೀಟರಿಗೆ 150 ಗ್ರಾಂ ತೂಕದ್ದು ಕೇಳಿ, ಅಂಗಡಿಯಲ್ಲಿ 150 ಜಿಎಸ್ಎಂ ಅಂದರೆ ಸಾಕು. ಇದಕ್ಕಿಂತ ತೆಳ್ಳಗಿನದು ಕೆಲಸದ ಹೊತ್ತಿನಲ್ಲೇ ಹರಿಯುತ್ತದೆ.

ಲೆಕ್ಕ ಹಾಕುವಾಗ ನೆಲದ ಅಳತೆ ಹಿಡಿಯಬೇಡಿ, ಮಾಡಿನ ಇಳಿಜಾರಿನ ಮೇಲೆಯೇ ಟೇಪು ಹಿಡಿಯಿರಿ. ಒಂದು ಅಡಿಗೆ 6 ಇಂಚು ಇಳಿಜಾರಿರುವ ಮಾಡಿನಲ್ಲಿ, ಸೂರೂ ಸೇರಿ 1000 ಚದರಡಿ ನೆಲದ ಮೇಲೆ ಸುಮಾರು 1120 ಚದರಡಿ ಮಾಡು ಇರುತ್ತದೆ. ಅದಕ್ಕೆ ಮೇಲುಹಾಸು (ಒಂದು ಸಾಲು ಶೀಟಿನ ಮೇಲೆ ಇನ್ನೊಂದು ಬರುವ ಭಾಗ) ಮತ್ತು ತುಂಡುಗಳಿಗೆ ಶೇ. 15 ಸೇರಿಸಿ. ಸುಮಾರು 1290 ಆಯಿತು. ಒಂದೂವರೆ ಮೀಟರ್ ಅಗಲ, 50 ಮೀಟರ್ ಉದ್ದದ ಒಂದು ಸುರುಳಿ ಎಂದರೆ 800 ಚದರಡಿ ಚಿಲ್ಲರೆ. ಎರಡು ಸುರುಳಿ ತಂದರೆ ಮುಗಿಯುತ್ತದೆ.

## ಜೋಡಿಸಿಟ್ಟುಕೊಳ್ಳಬೇಕಾದ ಸಾಮಾನು

ಟೇಪು, ಬಣ್ಣದ ನೂಲು, ಸುತ್ತಿಗೆ, ಗರಗಸ, ಕಟರ್, ಸ್ಟೇಪ್ಲರ್ ಗನ್, ಶೀಟಿನ ಜೋಡಣೆಗೆ ಅಂಟು ಟೇಪು. ಪಕಾಸಿನ ನೇರಕ್ಕೆ ಹೊಡೆಯುವ ಉದ್ದ ರೀಪಿಗೆ ಒಂದು ಇಂಚು ದಪ್ಪದ, ಎರಡು ಇಂಚು ಅಗಲದ ಮರದ ಪಟ್ಟಿ. ಹೆಂಚು ಕೂರುವ ಅಡ್ಡ ರೀಪಿಗೂ ಅದೇ ಅಳತೆ. ಕರಾವಳಿಯವರು ತುಕ್ಕು ಹಿಡಿಯದ ಮೊಳೆಯನ್ನೇ ತನ್ನಿ. ಕಬ್ಬಿಣದ ಚೌಕಟ್ಟಾದರೆ ಮೊಳೆ ಬದಲು ತಾನೇ ಕೊರೆಯುವ ಸ್ಕ್ರೂ. ಸೂರಿಗೆ ಮತ್ತು ಎರಡು ಮಾಡು ಸೇರುವ ವ್ಯಾಲಿಗೆ ಅಲ್ಯೂಮಿನಿಯಂ ಅಥವಾ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡು.

ಸೊಂಟಕ್ಕೆ ಕಟ್ಟುವ ಹಗ್ಗ, ಗಟ್ಟಿ ಏಣಿ, ಮೇಲೆ ಓಡಾಡಲು ಎರಡು ಉದ್ದ ಹಲಗೆ ಇಲ್ಲದೆ ಹತ್ತಲೇಬೇಡಿ. ಹಳೇ ಮನೆಗಳಲ್ಲಿ ಪಕಾಸಿನ ಮೇಲೇ ವೈರು ಓಡಿರುತ್ತದೆ. ಮೊಳೆ ಹೊಡೆಯುವ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ. ಒಬ್ಬರೇ ಈ ಕೆಲಸಕ್ಕೆ ಇಳಿಯುವುದು ಬೇಡ. ಕನಿಷ್ಠ ಮೂರು ಜನ ಬೇಕು.

ಭರಣಿ ಮಳೆ ಬೀಳುವುದರೊಳಗೆ, ಅಂದರೆ ಏಪ್ರಿಲ್ ಮುಗಿಯುವುದರೊಳಗೆ, ಮುಗಿಸುವ ಹಾಗೆ ದಿನ ಹಿಡಿಯಿರಿ. ಒಂದು ದಿನಕ್ಕೆ ಮಾಡಿನ ಒಂದು ಮಗ್ಗುಲು ಮಾತ್ರ ಬಿಚ್ಚಿ. ಇಡೀ ಮನೆ ಬಿಚ್ಚಿಟ್ಟು ಸಂಜೆಯ ಗುಡುಗು ನೋಡುತ್ತಾ ನಿಲ್ಲುವುದು ಯಾರಿಗೆ ಬೇಕು?

## ಹಂತ 1: ಹೆಂಚು ಇಳಿಸಿ, ಆರಿಸಿ

ನೆತ್ತಿಯಿಂದ, ಅಂದರೆ ಮಾಡಿನ ತುತ್ತತುದಿಯಿಂದ, ಕೆಳಕ್ಕೆ ಬಿಚ್ಚುತ್ತಾ ಬನ್ನಿ. ಹೆಂಚನ್ನು ನೆಲದಲ್ಲಿ ಮಲಗಿಸಿ ಪೇರಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ. ಒಂದೊಂದನ್ನೂ ಬೆರಳಗಂಟಿನಿಂದ ತಟ್ಟಿ. ಠಣ್ ಅಂದರೆ ಇಟ್ಟುಕೊಳ್ಳಿ. ಡಬ್ ಅಂದರೆ ಎಲ್ಲೋ ಕೂದಲೆಳೆ ಬಿರುಕಿದೆ, ಪಕ್ಕಕ್ಕಿಡಿ. ಪಾಚಿಯನ್ನು ನಾರಿನ ಬ್ರಷ್‌ನಿಂದ ಒಣಗಿದ್ದಾಗಲೇ ತಿಕ್ಕಿ ತೆಗೆಯಿರಿ. ಹೆಂಚಿನ ತಳದ ಕೊಕ್ಕೆ ಮುರಿದಿದ್ದರೆ ಅದು ರೀಪಿನ ಮೇಲೆ ನಿಲ್ಲುವುದಿಲ್ಲ, ಅದನ್ನೂ ಬಿಡಿ.

ಹೊಸ ಹೆಂಚು ಸೇರಿಸುವುದಾದರೆ ಹಳೆಯದೊಂದನ್ನು ಅಂಗಡಿಗೆ ತೆಗೆದುಕೊಂಡು ಹೋಗಿ ಜೋಡಿಸಿ ನೋಡಿ. ಕಾರ್ಖಾನೆ ಬದಲಾದರೆ ಅಂಚಿನ ಕಾಲುವೆ ಕೂರುವುದಿಲ್ಲ. ಎರಡು ಬಗೆ ಹೆಂಚು ಇದ್ದರೆ ಒಂದೊಂದು ಮಗ್ಗುಲಿಗೆ ಒಂದೊಂದು ಬಗೆ ಹಾಕಿ, ಬೆರೆಸಬೇಡಿ.

## ಹಂತ 2: ಮರ ಪರೀಕ್ಷಿಸಿ

ಹಳೇ ರೀಪು ಕಿತ್ತು, ಮೊಳೆಗಳನ್ನೆಲ್ಲ ತೆಗೆಯಿರಿ. ಉಳಿದ ಒಂದು ಮೊಳೆ ತುದಿ ಸಾಕು ಶೀಟು ತೂತಾಗಲು. ಸ್ಕ್ರೂಡ್ರೈವರಿನಿಂದ ಪಕಾಸಿನ ತುದಿಗಳನ್ನು ಚುಚ್ಚಿ ನೋಡಿ, ಅದರಲ್ಲೂ ಸೂರಿನ ಕಡೆ ಮತ್ತು ಗೋಡೆ ಮೇಲೆ ಕೂತ ಜಾಗದಲ್ಲಿ. ಸುಲಭವಾಗಿ ಒಳಗೆ ಹೋದರೆ ಆ ಪಕಾಸು ಬದಲಾಯಿಸಬೇಕು. ಗೆದ್ದಲಿನ ಮಣ್ಣುಗೆರೆ ಕಂಡರೆ ಈಗಲೇ ಔಷಧಿ ಹೊಡೆಸಿ. ಶೀಟು ಹಾಕಿದ ಮೇಲೆ ಅಲ್ಲಿಗೆ ಮತ್ತೆ ಕೈ ಹೋಗುವುದಿಲ್ಲ.

ನೆತ್ತಿಯಿಂದ ಸೂರಿಗೆ ನೂಲು ಎಳೆದು ನೋಡಿ. ಮಧ್ಯದಲ್ಲಿ ಬಗ್ಗಿದ ಪಕಾಸಿನ ಹತ್ತಿರ ಶೀಟು ಹೊಂಡವಾಗುತ್ತದೆ. ಪಟ್ಟಿ ಕೊಟ್ಟು ಮಟ್ಟ ಮಾಡಿ. ಇಳಿಜಾರೂ ಅಳೆಯಿರಿ. ಒಂದು ಅಡಿ ಸ್ಕೇಲನ್ನು ಮಟ್ಟವಾಗಿ ಹಿಡಿದರೆ ತುದಿಯಲ್ಲಿ ಮಾಡು 6 ಇಂಚಾದರೂ ಕೆಳಗಿರಬೇಕು. ಅದಕ್ಕಿಂತ ಕಮ್ಮಿ ಇದ್ದರೆ ಶೀಟಿನ ಕೆಳಗೆ ಹಲಗೆ ಹಾಸುವುದೇ ವಾಸಿ.

## ಹಂತ 3: ಸೂರಿನಿಂದ ಶುರು ಮಾಡಿ

ಹೆಚ್ಚಿನವರು ಸುರುಳಿ ಕೈಗೆ ಬಂದ ಕೂಡಲೇ ಬಿಡಿಸಲು ಹೊರಡುತ್ತಾರೆ. ತಡೆಯಿರಿ. ಮೊದಲು ನೀರು ಎಲ್ಲಿಂದ ಹೊರಗೆ ಹೋಗಬೇಕು ಅನ್ನುವುದನ್ನು ತೀರ್ಮಾನಿಸಿ.

ಸೂರಿನ ಉದ್ದಕ್ಕೂ 8–9 ಇಂಚು ಅಗಲದ ತಗಡನ್ನು ಹೊಡೆಯಿರಿ. ಅದರ ಕೆಳ ಅಂಚು ಸೂರಿನ ಮುಂಭಾಗದ ಹಲಗೆಯನ್ನು ದಾಟಿ ದಂಬೆಯೊಳಕ್ಕೆ (ಸೂರಿನ ನೀರು ಹಿಡಿಯುವ ಕಾಲುವೆ) ಬಗ್ಗಿರಬೇಕು. ಶೀಟು ಈ ತಗಡಿನ ಮೇಲೆ ಬಂದು ನಿಲ್ಲುತ್ತದೆ. ಶೀಟನ್ನೇ ನೇರವಾಗಿ ಹೊರಗೆ ಜೋತು ಬಿಡುವವರಿದ್ದಾರೆ. ಬಿಸಿಲು ತಾಗಿ ಆ ತುದಿ ಪುಡಿಪುಡಿ ಆಗುತ್ತದೆ. ಇನ್ನು ಕೆಲವರು ಶೀಟನ್ನು ಹಲಗೆಯ ಹಿಂದೆಯೇ ಕತ್ತರಿಸುತ್ತಾರೆ. ಆಗ ಹರಿದು ಬಂದ ನೀರೆಲ್ಲ ಗೋಡೆಯ ತಲೆಗೆ ಸೇರುತ್ತದೆ. ಹೊರಗೋಡೆಯ ಮೇಲ್ಭಾಗದಲ್ಲಿ ಮಾತ್ರ ತೇವ ಇದೆ, ಮಧ್ಯೆ ಎಲ್ಲೂ ಹನಿ ಇಲ್ಲ ಅಂದರೆ ಕಾರಣ ಇದೇ.

## ಹಂತ 4: ಶೀಟು ಹಾಸಿ

ಕೆಳಗಿನಿಂದ ಮೇಲಕ್ಕೆ, ಅಡ್ಡಡ್ಡ ಹಾಸುತ್ತಾ ಹೋಗಿ. ಅಚ್ಚು ಇರುವ ಮೈ ಮೇಲಕ್ಕೆ. ಮೇಲಿನ ಸಾಲು ಕೆಳಗಿನದರ ಮೇಲೆ 6 ಇಂಚು ಬರಬೇಕು. ಗಾಳಿಮಳೆ ನೇರ ಹೊಡೆಯುವ ಮಗ್ಗುಲಿಗೆ ನಾನು 8 ಇಂಚು ಬಿಡುತ್ತೇನೆ. ಉದ್ದದಲ್ಲಿ ಶೀಟು ಮುಗಿದರೆ ಜೋಡಣೆ ಪಕಾಸಿನ ಮೇಲೆಯೇ ಬರಲಿ, ಅಲ್ಲಿ ಅಂಟು ಟೇಪು ಹಾಕಿ.

ತಮಟೆಯ ಹಾಗೆ ಬಿಗಿಯಾಗಿ ಎಳೆಯಬೇಡಿ. ಎರಡು ಪಕಾಸಿನ ನಡುವೆ ಅರ್ಧ ಇಂಚಿನಷ್ಟು ಇಳಿಬಿದ್ದಿರಲಿ. ನೀರು ಆ ತಗ್ಗಿನಲ್ಲಿ ಹರಿಯುತ್ತದೆ, ಪಕಾಸಿನ ಮೇಲಿನ ಮೊಳೆಗಳಿಗೆ ತಾಗುವುದಿಲ್ಲ. ಅಂಗೈ ಮುಳುಗುವಷ್ಟು ಜೋತು ಬಿದ್ದರೆ ಅದೂ ತಪ್ಪು, ನೀರು ನಿಲ್ಲುತ್ತದೆ. ಸ್ಟೇಪ್ಲರ್ ಪಿನ್ನು ಪಕಾಸಿನ ಮೇಲೆ ಮಾತ್ರ, ಅದೂ ಶೀಟು ಹಾರದಿರಲು ಬೇಕಾದಷ್ಟು.

ಬೆಳಗಿನ ಇಬ್ಬನಿಯಲ್ಲಿ ಶೀಟಿನ ಮೇಲೆ ಕಾಲಿಟ್ಟರೆ ಸೋಪಿನ ಮೇಲೆ ನಿಂತ ಹಾಗೆ. ಒಂಬತ್ತು ಗಂಟೆ ದಾಟಲಿ. ಪಕಾಸುಗಳ ನಡುವೆ ಕಾಲಿಡಬೇಡಿ, ಶೀಟು ನಿಮ್ಮನ್ನು ತಾಳುವುದಿಲ್ಲ.

## ಹಂತ 5: ಉದ್ದ ರೀಪು ಮೊದಲು, ಅಡ್ಡ ರೀಪು ಆಮೇಲೆ

ಇದೊಂದು ಹಂತಕ್ಕಾಗಿಯೇ ಇಷ್ಟೆಲ್ಲ ಬರೆದಿದ್ದು ಅಂದರೂ ಸರಿ.

ನಮ್ಮ ಮನೆಗೆ ಮೊದಲ ಸಲ ಶೀಟು ಹಾಕಿದಾಗ ಬಡಗಿ ಕೇಳಿದ್ದರು, "ಎರಡೆರಡು ರೀಪು ಯಾಕೆ ಮಾರಾಯ್ರೆ? ಶೀಟಿನ ಮೇಲೆ ಸೀದಾ ಅಡ್ಡ ಹೊಡೆದ್ರೆ ಆಗಲ್ವಾ?" ಮರದ ಖರ್ಚು ಉಳಿಯುತ್ತದೆ ಅಂತ ನಾನೂ ತಲೆಯಾಡಿಸಿದೆ. ಆ ವರ್ಷ ಪುನರ್ವಸು ಮಳೆಯಲ್ಲಿ ಅಟ್ಟ ಹತ್ತಿ ಟಾರ್ಚ್ ಬಿಟ್ಟು ನೋಡಿದರೆ, ಶೀಟಿನ ಕೆಳಮೈಯಲ್ಲಿ ಒಂದಡಿಗೊಂದು ಗೆರೆ ಕಾಣುತ್ತಿತ್ತು. ಪ್ರತಿ ಅಡ್ಡ ರೀಪಿನ ಹಿಂದೆಯೂ ನೀರು ಕಟ್ಟೆ ಕಟ್ಟಿದ ಹಾಗೆ ನಿಂತಿತ್ತು. ಕಸ, ಪಾಚಿ ಎಲ್ಲ ಅಲ್ಲೇ. ನಿಂತ ನೀರು ಮೊಳೆಯ ಗುಂಟ ಇಳಿದು, ಪಕಾಸಿನ ಕೆಳತುದಿಗೆ ಬಂದು, ಅಕ್ಕಿ ಡಬ್ಬದ ಮುಚ್ಚಳದ ಮೇಲೆ ಟಪ್ ಟಪ್ ಅಂತ ಬೀಳುತ್ತಿತ್ತು. ಮುಂದಿನ ಬೇಸಿಗೆಗೆ ಪೂರ್ತಿ ಬಿಚ್ಚಿ ಮತ್ತೆ ಮಾಡಿಸಿದೆವು. ಉಳಿಸಿದ್ದಕ್ಕಿಂತ ಮೂರು ಪಟ್ಟು ಹೋಯಿತು.

ಹಾಗಾಗಿ ಕ್ರಮ ಹೀಗಿರಲಿ. ಪಕಾಸು, ಅದರ ಮೇಲೆ ಶೀಟು. ಶೀಟಿನ ಮೇಲೆ, ಪಕಾಸಿನ ನೇರಕ್ಕೆ, ನೆತ್ತಿಯಿಂದ ಸೂರಿನ ಕಡೆಗೆ ಉದ್ದ ರೀಪು. ಅದರ ಮೇಲೆ ಹೆಂಚು ಕೂರುವ ಅಡ್ಡ ರೀಪು. ಈಗ ಅಡ್ಡ ರೀಪಿಗೂ ಶೀಟಿಗೂ ನಡುವೆ ಒಂದು ಇಂಚು ಖಾಲಿ. ನೀರು ಅಡೆತಡೆ ಇಲ್ಲದೆ ಕೆಳಗೆ ಜಾರುತ್ತದೆ, ಗಾಳಿ ಆಡಿ ಹೆಂಚಿನ ತಳವೂ ಒಣಗುತ್ತದೆ. ಉದ್ದ ರೀಪು ತಪ್ಪಿದ ಕಡೆ ಶೀಟು ಇದ್ದೂ ಸುಮ್ನೆ.

ಅಡ್ಡ ರೀಪಿನ ಅಂತರವನ್ನು ಬಾಯಿಲೆಕ್ಕದಲ್ಲಿ ಹಿಡಿಯಬೇಡಿ. ನಿಮ್ಮದೇ ಹನ್ನೊಂದು ಹೆಂಚುಗಳನ್ನು ಅಂಗಳದಲ್ಲಿ ಒಂದಕ್ಕೊಂದು ಕೊಕ್ಕೆ ಹಾಕಿ ಸಾಲಾಗಿ ಇಡಿ. ಪೂರ್ತಿ ಎಳೆದು, ಮೊದಲ ಹೆಂಚಿನ ಕೊಕ್ಕೆಯಿಂದ ಹನ್ನೊಂದನೆಯದರ ಕೊಕ್ಕೆವರೆಗೆ ಅಳೆಯಿರಿ. ಪೂರ್ತಿ ಒತ್ತಿ ಇನ್ನೊಮ್ಮೆ ಅಳೆಯಿರಿ. ಎರಡರ ನಡುವಿನ ಸಂಖ್ಯೆಯನ್ನು ಹತ್ತರಿಂದ ಭಾಗಿಸಿದರೆ ನಿಮ್ಮ ಅಂತರ ಸಿಕ್ಕಿತು. ಸಾಮಾನ್ಯವಾಗಿ ಹನ್ನೆರಡೂವರೆ ಇಂಚಿನ ಆಸುಪಾಸು ಬರುತ್ತದೆ. ಅದೇ ಅಳತೆಗೆ ಮರದ ತುಂಡೊಂದನ್ನು ಕತ್ತರಿಸಿಟ್ಟುಕೊಂಡರೆ ಪ್ರತಿ ಸಲ ಟೇಪು ಬೇಡ.

ಸೂರಿನ ಮೊದಲ ಅಡ್ಡ ರೀಪು ಮಾತ್ರ ಉಳಿದವಕ್ಕಿಂತ ಒಂದು ಹೆಂಚಿನ ದಪ್ಪದಷ್ಟು ಎತ್ತರ ಇರಬೇಕು. ಅದರ ಕೆಳಗೆ ಇನ್ನೊಂದು ಹೆಂಚು ಇಲ್ಲವಲ್ಲ, ಅದಕ್ಕೆ. ಎತ್ತರ ಕೊಡದಿದ್ದರೆ ಮೊದಲ ಸಾಲು ಮೂಗು ತಗ್ಗಿಸಿಕೊಂಡು ಕೂರುತ್ತದೆ. ಉದ್ದ ರೀಪುಗಳ ನಡುವಿನ ಬಾಯಿಗೆ ಜಾಲರಿ ಹೊಡೆಯಿರಿ. ನೀರು, ಗಾಳಿ ಹೋಗಲಿ, ಇಲಿ ಬಾವಲಿ ಬರದಿರಲಿ.

## ಹಂತ 6: ನೆತ್ತಿ, ವ್ಯಾಲಿ, ಗೋಡೆ, ಹೊಗೆಗೂಡು

ನೆತ್ತಿಯಲ್ಲಿ ಒಂದು ಮಗ್ಗುಲಿನ ಶೀಟು ಇನ್ನೊಂದು ಕಡೆಗೆ 6 ಇಂಚು ದಾಟಲಿ. ನೆತ್ತಿ ಹೆಂಚಿನ ಸಿಮೆಂಟು ಯಾವತ್ತಾದರೂ ಬಿರುಕು ಬಿಡುವುದೇ.

ಎರಡು ಮಾಡು ಸೇರುವ ವ್ಯಾಲಿಯಲ್ಲಿ ಮೊದಲು ಒಂದು ತುಂಡು ಶೀಟು ಉದ್ದಕ್ಕೆ ಹಾಸಿ. ಆಮೇಲೆ ಎರಡೂ ಕಡೆಯ ಶೀಟುಗಳು ಅದರ ಮೇಲೆ ಒಂದೊಂದು ಅಡಿ ಬರಲಿ. ಅದರ ಮೇಲೆ ಒಂದೂವರೆ ಅಡಿ ಅಗಲದ ತಗಡು. ಉದ್ದ ರೀಪುಗಳನ್ನು ತಗಡಿನ ಅಂಚಿಗೇ ನಿಲ್ಲಿಸಿ. ಹೆಂಚು ಕತ್ತರಿಸುವಾಗ ಮಧ್ಯೆ ನಾಲ್ಕೈದು ಇಂಚು ತೆರೆದ ಕಾಲುವೆ ಬಿಡಿ, ಇಲ್ಲದಿದ್ದರೆ ಒಣಗಿದ ಎಲೆ ಸಿಕ್ಕಿಕೊಂಡು ನೀರು ಹಿಂದಕ್ಕೆ ಬರುತ್ತದೆ.

ಮಾಡು ಗೋಡೆಗೆ ತಾಗುವಲ್ಲಿ ಶೀಟನ್ನು 6 ಇಂಚು ಮೇಲಕ್ಕೆ ಮಡಚಿ, ಗೋಡೆಯಲ್ಲಿ ಸಣ್ಣ ಕಾಲುವೆ ಕೊರೆದು ತಗಡು ಸೇರಿಸಿ.

ಇನ್ನು ಒಲೆಯ ವಿಚಾರ. ಹಳೇ ಹೆಂಚಿನ ಮನೆಯಲ್ಲಿ ಬಚ್ಚಲ ಹಂಡೆಯ ಹೊಗೆ, ಅಡುಗೆ ಒಲೆಯ ಹೊಗೆ ಹೆಂಚಿನ ಸಂದಿಗಳಿಂದಲೇ ಹೊರಗೆ ಹೋಗುತ್ತಿತ್ತು. ಶೀಟು ಹಾಕಿದ ದಿನ ಆ ದಾರಿ ಮುಚ್ಚಿತು. ಬ್ರೀದರ್ ಶೀಟು ಆವಿಯನ್ನು ಬಿಡುತ್ತದೆ, ಹೊಗೆಯನ್ನಲ್ಲ. ಮಸಿ ಕೂತರೆ ಅದರ ಉಸಿರೂ ಕಟ್ಟುತ್ತದೆ. ಅದು ಪ್ಲಾಸ್ಟಿಕ್ ಜಾತಿಯದು, ಬೆಂಕಿಗೂ ಹೆದರಬೇಕು. ಸೌದೆ ಒಲೆ ಇರುವ ಕೋಣೆಗೆ ಹೊಗೆಗೂಡು ಕಟ್ಟಿಸದೆ ಶೀಟು ಹಾಕಲೇಬೇಡಿ. ಹೊಗೆಗೂಡು ಆಗದಿದ್ದರೆ ಬಚ್ಚಲಮನೆಯ ಮಾಡನ್ನು ಹಾಗೇ ಬಿಟ್ಟುಬಿಡಿ, ಅಲ್ಲಿ ನಾಲ್ಕು ಹನಿ ಬಿದ್ದರೇನು! ಹೊಗೆ ಕೊಳವೆ ಹಾದುಹೋಗುವ ಕಡೆ ಶೀಟು, ಮರ ಎರಡೂ ಸಾಕಷ್ಟು ದೂರ ಇರಲಿ. ಆ ಖಾಲಿ ಜಾಗವನ್ನು ತಗಡಿನಿಂದ ಮುಚ್ಚಿ. ತಗಡಿನ ಮೇಲ್ತುದಿ ಮೇಲಿನ ಶೀಟಿನ ಅಡಿಗೆ ಹೋಗಬೇಕು, ಕೆಳತುದಿ ಕೆಳಗಿನ ಶೀಟಿನ ಮೇಲೆ ಬರಬೇಕು.

ಬೆಳಕಿಗೆ ಗಾಜಿನ ಹೆಂಚು ಹಾಕಿದವರು ಇನ್ನೊಂದು ಕೆಲಸ ಮರೆಯುತ್ತಾರೆ. ಶೀಟು ಆ ಬೆಳಕನ್ನು ನುಂಗುತ್ತದೆ. ನಡುಮನೆ ಇದ್ದಕ್ಕಿದ್ದಂತೆ ಕತ್ತಲಾಯಿತು ಅಂತ ಹೆಂಚು ಕೂರಿಸಿದ ಮೇಲೆ ಹೇಳಿದರೆ ಏನು ಮಾಡುವುದು? ಆ ಜಾಗ ಮೊದಲೇ ಗುರುತಿಸಿ. ಅಲ್ಲಿ ಶೀಟು ಕತ್ತರಿಸಿ, ಸುತ್ತ ಮರದ ಚೌಕ ಕೂರಿಸಿ, ಶೀಟಿನ ಅಂಚನ್ನು ಚೌಕದ ಮೈಗೆ ಮೇಲಕ್ಕೆ ಮಡಚಿ ಟೇಪು ಹಾಕಿ. ಚೌಕದ ಮೇಲ್ಗಡೆ ಒಂದು ಓರೆ ಪಟ್ಟಿ ಹೊಡೆದರೆ ನೀರು ಪಕ್ಕಕ್ಕೆ ತಿರುಗುತ್ತದೆ.

## ಹಂತ 7: ಹೆಂಚು ಹೊದಿಸುವ ಮುಂಚೆ ನೀರು ಸುರಿದು ನೋಡಿ

ಯಾರೂ ಮಾಡದ ಹಂತ ಇದು. ಒಬ್ಬರು ಮೇಲೆ, ಒಬ್ಬರು ಅಟ್ಟದಲ್ಲಿ ಟಾರ್ಚ್ ಹಿಡಿದು, ಇನ್ನೊಬ್ಬರು ಸೂರಿನ ಕೆಳಗೆ. ನೆತ್ತಿಯಿಂದ ಒಂದು ಕೊಡ ನೀರನ್ನು ನಿಧಾನಕ್ಕೆ ಬಿಡಿ. ನೀರು ಬೇಗ ದಂಬೆಗೆ ಬಂದು ಬೀಳಬೇಕು. ಬರುವುದು ತಡವಾದರೆ ಎಲ್ಲೋ ನಿಂತಿದೆ. ಅರ್ಧ ಕೊಡ ಮಾತ್ರ ಬಂದರೆ ಎಲ್ಲೋ ಇಳಿದಿದೆ. ಪ್ರತಿ ಎರಡು ಪಕಾಸಿನ ನಡುವೆಯೂ ಹೀಗೆ ಮಾಡಿ. ಹೊಗೆಗೂಡು, ವ್ಯಾಲಿ, ಗಾಜಿನ ಹೆಂಚಿನ ಚೌಕಕ್ಕೆ ಎರಡೆರಡು ಕೊಡ. ಒಂದು ಮಧ್ಯಾಹ್ನದ ಕೆಲಸ.

## ಹಂತ 8: ಹೆಂಚು ಹೊದಿಸಿ

ಸೂರಿನಿಂದ ಮೇಲಕ್ಕೆ. ಎರಡೂ ಮಗ್ಗುಲಿಗೆ ಸರಿಸಮ ಭಾರ ಬರುವಂತೆ ಏರಿಸಿ, ಒಂದೇ ಕಡೆ ಮುಗಿಸಬೇಡಿ. ಅಂಚಿನ ಸಾಲುಗಳನ್ನು ತಂತಿಯಿಂದ ರೀಪಿಗೆ ಕಟ್ಟಿ, ಗಾಳಿಗೆ ಮೊದಲು ಏಳುವುದು ಅವೇ. ಶೀಟನ್ನು ಬಿಸಿಲಿಗೆ ಬಿಟ್ಟು ವಾರಗಟ್ಟಲೆ ಹೆಂಚಿಗೆ ಕಾಯಬೇಡಿ. ಇಪ್ಪತ್ತು ಮೂವತ್ತು ಹೆಂಚು ಮಿಗಿಸಿ ಕೊಟ್ಟಿಗೆಯಲ್ಲಿಡಿ.

## ಮೊದಲ ಮಳೆಗಾಲದಲ್ಲಿ ಗಮನಿಸಬೇಕಾದದ್ದು

ಜೋರು ಮಳೆ ಬಂದ ದಿನ ಅಟ್ಟ ಹತ್ತಿ. ಶೀಟಿನ ಕೆಳಮೈಯಲ್ಲೆಲ್ಲ ಸಣ್ಣ ಸಣ್ಣ ಹನಿ ಇದ್ದು, ಒಂದೇ ಕಡೆ ಧಾರೆ ಇಲ್ಲದಿದ್ದರೆ ಅದು ಆವಿ. ಗಾಳಿ ಆಡಲು ಕಿಟಕಿ ತೆರೆಯಿರಿ. ಮೊಳೆಯ ಸುತ್ತ ಕಂದು ಉಂಗುರ ಕಂಡರೆ ಅಲ್ಲಿ ನೀರು ನಿಲ್ಲುತ್ತಿದೆ. ಶೀಟು ಹೊಟ್ಟೆ ಬಿಟ್ಟ ಹಾಗೆ ಕಂಡರೆ ಕಸ ತುಂಬಿದೆ ಅಥವಾ ಇಲಿ ಗೂಡು ಕಟ್ಟಿದೆ. ದಂಬೆಗೆ ಹೆಂಚಿನಿಂದ ನೀರು ಬೀಳುತ್ತಿದ್ದು, ತಗಡಿನ ಅಂಚಿನಿಂದ ಹನಿಯೂ ಇಲ್ಲದಿದ್ದರೆ ಖುಷಿಪಡಿ, ಹೆಂಚೇ ಎಲ್ಲ ತಡೆಯುತ್ತಿದೆ. ತಗಡಿನಿಂದ ಧಾರಾಕಾರ ಬರುತ್ತಿದ್ದರೆ ಮೇಲೆ ಹೆಂಚು ಸರಿದಿದೆ, ಮಳೆ ನಿಂತ ಮೇಲೆ ನೋಡಿ. ಶೀಟಿದೆ ಅಂತ ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸುವುದನ್ನು ಬಿಡಬೇಡಿ.

ತೂತು ಕಂಡರೆ ಕೆಳಗಿನಿಂದ ಟೇಪು ಅಂಟಿಸುವುದು ಎರಡು ದಿನದ ಮಾತು, ನೀರಿನ ಭಾರಕ್ಕೆ ಬಿಟ್ಟುಕೊಳ್ಳುತ್ತದೆ. ಮಳೆ ಬಿಟ್ಟ ದಿನ ಮೇಲಿನಿಂದ ಆರೆಂಟು ಹೆಂಚು ತೆಗೆದು, ಅಡ್ಡ ಬರುವ ರೀಪು ಬಿಚ್ಚಿ, ತೂತಿನ ಸುತ್ತ ಒರೆಸಿ ಒಣಗಿಸಿ. ತೂತಿಗಿಂತ ಎಲ್ಲಾ ಕಡೆ ಒಂದು ಗೇಣು ದೊಡ್ಡ ತುಂಡು ಶೀಟು ಕತ್ತರಿಸಿ. ಅದರ ಮೇಲಂಚನ್ನು ಮೇಲಿನ ಸಾಲಿನ ಶೀಟಿನಡಿಗೆ ತೂರಿಸಿ, ಉಳಿದ ಮೂರು ಕಡೆ ಟೇಪು ಒತ್ತಿ. ಮೇಲಿನ ಜೋಡಣೆ ದೂರ ಇದ್ದರೆ ತುಂಡನ್ನೇ ಅಲ್ಲಿಯವರೆಗೆ ಉದ್ದ ಕತ್ತರಿಸಿ. ಆಮೇಲೆ ರೀಪು ಹೊಡೆದು, ಹೆಂಚು ಮುಚ್ಚುವ ಮುಂಚೆ ಅದರ ಮೇಲೂ ಒಂದು ಚೊಂಬು ನೀರು ಬಿಟ್ಟು ನೋಡಿ.